ಝನ್ಸ್ಕಾರ್ ರಾಫ್ಟಿಂಗ್‌ಗೆ ಯಾವ ಕ್ಯಾಮರಾ ಒಯ್ಯಲಿ? 70-300 ಲೆನ್ಸು ಮನೇಲೇ ಇರ್ಲಿ ಬಿಡ್ರಿ

ಪ್ರಶ್ನೆ: ಸರ್ ನಮಸ್ತೆ, ನಾನು ದಾವಣಗೆರೆ, ಹೈಸ್ಕೂಲ್ ಟೀಚರ್. ಆಗಸ್ಟಲ್ಲಿ ತಮ್ಮನ ಜೊತೆ ಲಡಾಖಿನ ಝನ್ಸ್ಕಾರ್ ನದಿಗೆ ರಾಫ್ಟಿಂಗ್ ಹೋಗ್ತಿದ್ದೀನಿ. ನದಿ ಮೇಲೆ 6 ದಿನ, ರಾತ್ರಿ ದಡದಲ್ಲೇ ಟೆಂಟು, ಕರೆಂಟ್ ಇರಲ್ವಂತೆ. ನನ್ನ ಹತ್ರ ನಿಕಾನ್ ಡಿ5600, 18-55, 70-300 ಲೆನ್ಸು ಐತೆ. ಟೂರ್‌ನೋರು ಕ್ಯಾಮರಾ ಸಾಮಾನು ಆದಷ್ಟು ಕಮ್ಮಿ ತನ್ನಿ ಅಂದಿದಾರೆ. ಇದನ್ನ ಮಾರಿ ಲೈಟ್‌ವೇಟ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮರಾ) ತಗೊಳ್ಳಲಾ, ಇಲ್ಲ ಒಂದು ಆ್ಯಕ್ಷನ್ ಕ್ಯಾಮರಾ ಸಾಕಾ? ಬಜೆಟ್ ಜಾಸ್ತಿ ಇಲ್ಲ ಸರ್.

ಉತ್ತರ: ಮೇಡಂ, ಮೊದ್ಲು ಡಿ5600 ಮಾರೋ ಯೋಚನೆ ತಲೆಯಿಂದ ತೆಗೀರಿ. ಲೈಟ್‌ವೇಟ್ ಅಂದ ತಕ್ಷಣ ಎಲ್ಲಾರೂ ಗ್ರಾಮ್ ಲೆಕ್ಕಕ್ಕೆ ಕೂರ್ತಾರೆ, ಸರಿ ನಾವೂ ಕೂರಣ. ನಿಮ್ಮ ಬಾಡಿ ಬ್ಯಾಟರಿ ಸೇರಿ 465 ಗ್ರಾಂ, ಎಎಫ್-ಪಿ ಸೀರೀಸಿನ 18-55 ಲೆನ್ಸು ಆದ್ರೆ 205, ಅದೇ ಸೀರೀಸಿನ 70-300 ಆದ್ರೆ 415, ಒಟ್ಟು 1085 ಗ್ರಾಂ (ಹಳೇ ಎಎಫ್-ಎಸ್ 70-300 ಇದ್ರೆ ಅದೊಂದೇ 745, ಅದನ್ನಂತೂ ಮಾತೇ ಆಡ್ಬೇಡ್ರಿ). ಈಗ ಇದನ್ನ ಮಾರಿ ನಿಕಾನ್ ಝಡ್50 ತಗೊಂಡ್ರಿ ಅಂತಿಟ್ಕೊಳ್ಳಿ, ಅದು 450, ಜೊತೆಗೆ ಬರೋ 16-50 ಲೆನ್ಸು 135, ಒಟ್ಟು 585. ಡಿ5600ಗೆ ಬರೀ 18-55 ಹಾಕ್ಕೊಂಡು ಹೋದ್ರೆ 670. ಎಷ್ಟು ಉಳೀತು, 85 ಗ್ರಾಂ. ನಿಮ್ಮೂರಲ್ಲಿ ಒಂದು ಬೆಣ್ಣೆದೋಸೆ ತಿಂದ್ರೆ ಅದಕ್ಕಿಂತ ಜಾಸ್ತಿ ತೂಕ ಹೊಟ್ಟೆಗೆ ಬೀಳುತ್ತೆ. ಇದಕ್ಕೋಸ್ಕರ ಸಾವಿರಗಟ್ಟಲೆ ಸುರೀಬೇಕಾ?

ಆಮೇಲೆ ಟೂರ್‌ನೋರು ಕಮ್ಮಿ ತನ್ನಿ ಅಂದಿದ್ದು ತೂಕಕ್ಕೆ ಅಂತ ನೀವು ತಿಳ್ಕೊಂಡಿದ್ದೀರ, ಅದು ಅರ್ಧ ಮಾತು. ರಾಫ್ಟು ಅರ್ಧ ಕೆಜಿ ಹೆಚ್ಚಾದ್ರೆ ಮುಳುಗಲ್ಲ ಮೇಡಂ, ಅಡುಗೆ ಸಾಮಾನು, ಟೆಂಟು, ಸಿಲಿಂಡರು ಎಲ್ಲಾ ಅದ್ರ ಮೇಲೇ ಹೋಗೋದು. ವಿಷಯ ಏನಂದ್ರೆ ಬೆಳಿಗ್ಗೆ ಎದ್ದು ನಿಮ್ಮ ದೊಡ್ಡ ಡ್ರೈ ಬ್ಯಾಗ್ (ನೀರು ತಡೆಯೋ ಚೀಲ) ಕಟ್ಟಿ ಸಾಮಾನಿನ ರಾಫ್ಟಿಗೆ ಹಾಕಿ ಬೆಲ್ಟ್ ಎಳೆದು ಬಿಗಿದ್ರು ಅಂದ್ರೆ ಸಂಜೆ ಕ್ಯಾಂಪಿಗೆ ಹೋಗೋವರೆಗೂ ಅದು ನಿಮ್ಮದಲ್ಲ, ಅದರಲ್ಲಿ ಎಂಥಾ ಕ್ಯಾಮರಾ ಇದ್ರೂ ಅಷ್ಟೆ, ಮಳೆ ಬಂದಾಗ ಅಟ್ಟದ ಮೇಲಿರೋ ಛತ್ರಿ ಇದ್ದಂಗೆ. ಹಗಲೆಲ್ಲಾ ನಿಮ್ಮ ಕೈಗೆ ಸಿಗೋದು ಲೈಫ್ ಜಾಕೆಟ್ ಮೇಲೆ ಇರೋದು ಒಂದು, ಕಾಲ ಹತ್ರ ಕಟ್ಟಿರೋ ಸಣ್ಣ ಬಾಕ್ಸ್ ಒಂದು. ಅಷ್ಟೇ ಜಾಗ. ಹಂಗಾಗಿ ಎಷ್ಟು ಗ್ರಾಂ ಅಂತ ಕೇಳೋದಲ್ಲ, ಕೈಗೆ ಬರೋಕೆ ಎಷ್ಟು ಸೆಕೆಂಡ್ ಬೇಕು ಅಂತ ಕೇಳ್ಬೇಕು. 2 ಸೆಕೆಂಡಲ್ಲಿ ಕೈಗೆ ಬರೋದು ಒಂದು ಕ್ಯಾಮರಾ, ಅದು ನೆನೆದ್ರೂ ಪರವಾಗಿಲ್ಲ ಅನ್ನೋಂಥದ್ದು. 2 ನಿಮಿಷದಲ್ಲಿ ಕೈಗೆ ಬರೋದು ಇನ್ನೊಂದು, ಅದು ಚೆನ್ನಾಗಿ ಫೋಟೋ ತೆಗೆಯೋಂಥದ್ದು. ಮೂರನೇದು ಮನೇಲಿ ಇರ್ಲಿ.

ಇದನ್ನ ನಾನು ಯಾವ್ದೋ ವಿಡಿಯೋ ನೋಡಿ ಹೇಳ್ತಿಲ್ಲ. ಮೊದಲ ಸಲ ಝನ್ಸ್ಕಾರ್‌ಗೆ ಹೋದಾಗ ಮದುವೆ ಫೋಟೋ ತೆಗೆಯೋಕೆ ಒಯ್ಯೋ ಬ್ಯಾಗೇ ಎತ್ಕೊಂಡು ಹೋಗಿದ್ದೆ, ಬಾಡಿ, ಮೂರು ಲೆನ್ಸು, ಫ್ಲಾಶ್ ಬೇರೆ (ಫ್ಲಾಶ್ ಯಾಕೆ ಒಯ್ದೆ ಅಂತ ಇವತ್ತಿಗೂ ಗೊತ್ತಿಲ್ಲ). ಅದು ಹೆಚ್ಚು ಕಮ್ಮಿ ಬಾಕ್ಸಲ್ಲೇ ಊರು ನೋಡ್ಕೊಂಡು ಬಂತು. ಕೈಗೆ ಇರ್ಲಿ ಅಂತ ಒಂದು ದುಬಾರಿ ಪಾಕೆಟ್ ಕ್ಯಾಮರಾ ಇಟ್ಕೊಂಡಿದ್ದೆ, ಆನ್ ಮಾಡಿದ್ರೆ ಲೆನ್ಸು ಹೊರಗೆ ಬಂದು ಆಫ್ ಮಾಡಿದ್ರೆ ಒಳಗೆ ಹೋಗೋ ಥರದ್ದು. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ದಡದಲ್ಲಿ ನಿಂತಿದ್ವಿ, ಅಲ್ಲಿ ಮಧ್ಯಾಹ್ನ ಆದ್ಮೇಲೆ ಕಣಿವೇಲಿ ಗಾಳಿ ಎದ್ದುಬಿಡುತ್ತೆ, ಮರಳು ಅಂದ್ರೆ ಹಿಟ್ಟಿನ ಥರ ಸಣ್ಣ ಮರಳು, ಲೆನ್ಸಿನ ಸಂದಿಗೆ ಹೋಗಿ ಕರ್‌ರ್ ಅಂತು, ಅರ್ಧಕ್ಕೆ ನಿಂತು ಹೋಯ್ತು, ಒಳಗೂ ಇಲ್ಲ ಹೊರಗೂ ಇಲ್ಲ. ಅದರಲ್ಲಿ ಕಂಪನಿ ತಪ್ಪೇನೂ ಇಲ್ಲ, ಆ ಥರದ ಲೆನ್ಸಿಗೆ ಮರಳು ಅಂದ್ರೆ ವಿಷ. ಅದಕ್ಕೇ ನೀವು ಸೋನಿ ಆರ್‌ಎಕ್ಸ್100 ಸೀರೀಸ್ ನೋಡ್ತಿದ್ರೆ (302 ಗ್ರಾಮಿನಲ್ಲಿ 24ರಿಂದ 200 ಎಂಎಂ ಝೂಮ್ ಕೊಡೋ ಮಾರ್ಕ್ 7 ನೋಡಿ ಯಾರಿಗಾದ್ರೂ ಆಸೆ ಆಗುತ್ತೆ, ನನಗೂ ಆಗುತ್ತೆ) ಹಂಪಿಗೋ ಕೇರಳಕ್ಕೋ ಹೋಗೋಕೆ ತಗೊಳ್ಳಿ, ನದಿ ಮರಳಿಗೆ ಬೇಡ.

ಹಂಗಾದ್ರೆ ಕೈಯಲ್ಲಿರೋ ಆ ಒಂದು ಯಾವುದು? ಎರಡೇ ದಾರಿ. ಒಂದು ಒಲಿಂಪಸ್ ಟಿಜಿ-6 ಅಥವಾ ಅದರ ಮುಂದಿನ ಓಎಂ ಸಿಸ್ಟಮ್ ಟಿಜಿ-7, ಇವು ಕವರ್ ಗಿವರ್ ಇಲ್ದೆ 15 ಮೀಟರ್ ನೀರಿಗೆ ತಡೀತಾವೆ, ತೂಕ ಕಾಲು ಕೆಜಿ, 25ರಿಂದ 100 ಎಂಎಂ ಝೂಮ್, ಆ ಝೂಮ್ ಒಳಗೇ ನಡಿಯುತ್ತೆ ಹೊರಗೆ ಏನೂ ಬರಲ್ಲ, ಅದೇ ಅದರ ಜೀವ. ಇನ್ನೊಂದು ಗೋಪ್ರೋ ಥರದ ಆ್ಯಕ್ಷನ್ ಕ್ಯಾಮರಾ, ಹೀರೋ 12 ಆದ್ರೆ 154 ಗ್ರಾಂ, 10 ಮೀಟರ್ ತಡಿಯುತ್ತೆ. ಯಾವುದು ಅಂತ ತೀರ್ಮಾನ ಮಾಡೋಕೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳ್ಕೊಳ್ಳಿ, ಹೋದ ಸಲ ಟ್ರಿಪ್ಪಲ್ಲಿ ತೆಗೆದ ವಿಡಿಯೋ ಎಡಿಟ್ ಮಾಡಿದ್ರಾ? ಮಾಡಿಲ್ಲ ಅಂದ್ರೆ (ನೂರಕ್ಕೆ ತೊಂಬತ್ತು ಜನ ಮಾಡಿರಲ್ಲ, ನಾನೂ ಸೇರಿ) ಆ್ಯಕ್ಷನ್ ಕ್ಯಾಮರಾ ಬೇಡ. ಅದು ವಿಡಿಯೋಗೆ ಹುಟ್ಟಿರೋದು, ಫೋಟೋ ತೆಗೆಯುತ್ತೆ ಆದ್ರೆ ಎದುರು ಕೂತೋರ ಮುಖ ಬಿಟ್ಟು ಬೇರೆದೆಲ್ಲಾ ಇರುವೆ ಸಾಲಿನಂಗೆ ಕಾಣ್ತಾವೆ, ಅಷ್ಟು ವೈಡು. 4ಕೆ ವಿಡಿಯೋ 100 ಎಂಬಿಪಿಎಸ್ಸಲ್ಲಿ ಹೊಡೆದ್ರೆ ಗಂಟೆಗೆ 45 ಜಿಬಿ ತಿನ್ನುತ್ತೆ, ಒಂದು ಬ್ಯಾಟರಿ ಗಂಟೆ, ಗಂಟೆ ಮೇಲೆ ಸ್ವಲ್ಪ, ಅಷ್ಟರಲ್ಲಿ ಖಾಲಿ. ತಮ್ಮನಿಗೆ ವಿಡಿಯೋ ಹುಚ್ಚಿದ್ರೆ ಅದು ಅವನು ತರ್ಲಿ, ನೀವು ಟಿಜಿ ತಗೊಳ್ಳಿ, ಹೊಸದೇ ಬೇಕಂತಿಲ್ಲ, ಸೆಕೆಂಡ್ ಹ್ಯಾಂಡ್ ಟಿಜಿ-6 ಸಾಕು. ತಗೊಳ್ಳೋವಾಗ ಬ್ಯಾಟರಿ ಬಾಗಿಲಿನ ರಬ್ಬರು ಬಿರುಕು ಬಿಟ್ಟಿಲ್ಲ ತಾನೆ ಅಂತ ನೋಡ್ರಿ, ಬೇರೆ ಏನು ಕೆಟ್ಟಿದ್ರೂ ಚಿತ್ರದಲ್ಲಿ ಗೊತ್ತಾಗುತ್ತೆ, ಅದು ಕೆಟ್ಟಿದ್ರೆ ನೀರಿಗೆ ಬಿದ್ಮೇಲೆ ಗೊತ್ತಾಗೋದು.

ಟಿಜಿಯಲ್ಲಿ ತಪ್ಪಿಲ್ಲ ಅಂತಲ್ಲ. ಸೆನ್ಸರ್ ಉಗುರಿನಷ್ಟು, ಸಂಜೆ ಆದ್ರೆ ಫೋಟೋ ರವೆ ರವೆ ಆಗುತ್ತೆ, ಕಣಿವೇಲಿ ಒಂದು ಗೋಡೆಗೆ ಬಿಸಿಲು ಇನ್ನೊಂದು ಗೋಡೆಗೆ ಕತ್ತಲು ಇದ್ದಾಗ ಎರಡನ್ನೂ ಹಿಡಿಯಲ್ಲ. ರಾ ಫಾರ್ಮ್ಯಾಟ್ (ಆಮೇಲೆ ಬೆಳಕು ಬಣ್ಣ ತಿದ್ದೋಕೆ ಅನುಕೂಲ ಆಗೋ ಫೈಲು) ಐತೆ, ಆನ್ ಮಾಡಿಡಿ, ಸ್ವಲ್ಪ ಉಳಿಸ್ಕೋಬಹುದು. ಆದ್ರೆ ರಾಪಿಡ್ (ನದಿ ರಭಸವಾಗಿ ನೊರೆ ಎದ್ದು ಹರಿಯೋ ಜಾಗ) ಮಧ್ಯೆ ನೀರು ಮುಖಕ್ಕೆ ಹೊಡೆದಾಗ ತಮ್ಮನ ಮುಖ ಹೆಂಗಿತ್ತು ಅನ್ನೋದು ಅದರಲ್ಲಿ ಮಾತ್ರ ಬರೋದು, ಡಿ5600ನಲ್ಲಿ ಬರಲ್ಲ, ಯಾಕಂದ್ರೆ ಅದು ಆಗ ಬಾಕ್ಸಲ್ಲಿರುತ್ತೆ.

ಫೋನ್ ಐಪಿ68 (ನೀರು, ಧೂಳು ತಡೆಯೋ ರೇಟಿಂಗ್) ಐತಲ್ಲ ಅಂತ ಕೇಳೋರು ಇದಾರೆ. ಆ ಟೆಸ್ಟ್ ಮಾಡೋದು ನಿಂತ ಸಿಹಿನೀರಲ್ಲಿ, ಅಲ್ಲಿ ಇರೋದು ಹಿಮ ಕರಗಿ ಬಂಡೆ ಪುಡಿ ಹೊತ್ಕೊಂಡು ಓಡೋ ಬೂದಿ ಬಣ್ಣದ ನೀರು, ಅಲೆ ಹೊಡೆತ ಬೇರೆ, ನೀರು ಹೋದ್ರೆ ಸಾಮಾನ್ಯವಾಗಿ ವಾರಂಟೀನೂ ಕೊಡಲ್ಲ. ದಾಂಡೇಲಿ ಕಾಳಿ ನದಿ ಆದ್ರೆ ನಾನೂ ಪೌಚಲ್ಲಿ ಫೋನ್ ಹಾಕ್ಕೊಂಡು ಹೋಗ್ತೀನಿ, ಅದು ಒಂದೆರಡು ತಾಸಿನ ಆಟ, ಸಂಜೆಗೆ ರೂಮು. ಇದು ಹಂಗಲ್ಲ.

ಈಗ 70-300. ನಿಮ್ಮ ಮನಸ್ಸಲ್ಲಿ ಏನೈತೆ ಗೊತ್ತು, ಬಂಡೆ ಮೇಲೆ ಭರಲ್ ಅಂತ ನೀಲಿ ಕುರಿ ಕಾಣ್ತಾವಂತೆ, ಅದನ್ನ ತೆಗೀಬೇಕು. ನಾನು ಜೋಗಿಮಟ್ಟಿ ಕಾಡಲ್ಲೂ ರಂಗಯ್ಯನದುರ್ಗದ ಕಾಡಲ್ಲೂ ಕೊಂಡುಕುರಿ ಹಿಂದೆ ಬಿದ್ದು ಬಿದ್ದು ಮಂಡಿ ಸವೆಸ್ಕೊಂಡೋನು, ಆ ಆಸೆ ನನಗೆ ಅರ್ಥ ಆಗುತ್ತೆ. ಆದ್ರೆ ತೇಲೋ ರಾಫ್ಟಿನ ಮೇಲಿಂದ 300 ಎಂಎಂ ಹಿಡಿಯೋದು ಅಂದ್ರೆ ತೇರು ಎಳಿವಾಗ ಅದ್ರ ಮೇಲೆ ಕೂತು ಸೂಜಿಗೆ ದಾರ ಪೋಣಿಸಿದಂಗೆ. ಕ್ಯಾಂಪಿಂದ ತೆಗೀಬಹುದು, ಕುರಿ ಬಂದ್ರೆ. ಆ "ಬಂದ್ರೆ"ಗೋಸ್ಕರ ಬಾಕ್ಸಿನ ಅರ್ಧ ಜಾಗ ಕೊಡಬೇಕು, ದೊಡ್ಡ ಬಾಕ್ಸ್ ತಗೋಬೇಕು, ದೊಡ್ಡ ಬಾಕ್ಸ್ ಕಾಲ ಹತ್ರ ಕಟ್ಟೋಕೆ ಗೈಡು ಬಿಡಲ್ಲ, ಅದು ಸಾಮಾನಿನ ರಾಫ್ಟಿಗೆ ಹೋಗುತ್ತೆ, ಆಗ ಡಿ5600ನೂ ಹೋಯ್ತು. ನೋಡಿ ಒಂದು ಲೆನ್ಸಿಂದ ಎಲ್ಲಿಗೆ ಬಂತು ಕತೆ.

ಅದರ ಬದ್ಲು ಕ್ರಾಪ್ ಮಾಡ್ರಿ. ನಿಮ್ಮ ಡಿ5600 24 ಮೆಗಾಪಿಕ್ಸೆಲ್, 55 ಎಂಎಂನಲ್ಲಿ ತೆಗೆದು ಅಗಲ ಎತ್ತರ ಅರ್ಧಕ್ಕರ್ಧ ಕತ್ತರಿಸಿದ್ರೆ 110 ಎಂಎಂನಲ್ಲಿ ತೆಗೆದಂಗೆ ಆಯ್ತು, 6 ಮೆಗಾಪಿಕ್ಸೆಲ್ ಉಳಿಯುತ್ತೆ, ಎ4 ಪ್ರಿಂಟು ಹಾಕಿದ್ರೆ ಇಂಚಿಗೆ 250 ಡಾಟ್ ಆಸುಪಾಸು ಬರುತ್ತೆ, ಸ್ಟುಡಿಯೋದೋನಾಗಿ ಹೇಳ್ತೀನಿ ಗೋಡೆಗೆ ಹಾಕೋಕೆ ಧಾರಾಳ.

ಇನ್ನೊಂದು ಗುಟ್ಟು, ರಾಫ್ಟಿಂಗಿನ ಒಳ್ಳೇ ಫೋಟೋಗಳು ರಾಫ್ಟಿನ ಮೇಲಿಂದ ತೆಗೆದಿರಲ್ಲ, ದಡದಿಂದ ತೆಗೆದಿರ್ತಾರೆ. ದೊಡ್ಡ ರಾಪಿಡ್ ಬರೋ ಮುಂಚೆ ಗೈಡುಗಳು ರಾಫ್ಟ್ ದಡಕ್ಕೆ ಹಾಕಿ ಬಂಡೆ ಹತ್ತಿ ನೀರು ಯಾವ ಕಡೆ ಎಳೀತೈತೆ ಅಂತ ನೋಡ್ತಾರೆ, ಆಗ ಸಿಗೋ ಸಮಯ ನಿಮ್ಮದು. ಮೊದಲನೇ ದಿನವೇ ಗೈಡ್ ಹತ್ರ ಮಾತಾಡಿ ಇಟ್ಕೊಳ್ಳಿ, ನಮ್ಮ ರಾಫ್ಟು ಮೊದಲು ದಾಟಿ ಕೆಳಗೆ ನಿಂತ್ರೆ ಹಿಂದಿನ ರಾಫ್ಟು ಇಳಿಯೋದನ್ನ ತೆಗೀಬಹುದಾ ಅಂತ. ಅವ್ರಿಗೂ ಫೋಟೋ ಬೇಕಿರುತ್ತೆ, ಒಪ್ತಾರೆ. ಆಗ 2 ನಿಮಿಷದಲ್ಲಿ ಬಾಕ್ಸ್ ತೆಗೆದು ಡಿ5600 ಹೊರಗೆ. ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಬೇಡ, ಹನಿ ಹನಿಯೂ ನಿಲ್ಲಬೇಕು ಅಂದ್ರೆ 1/2000. ಬಿಳಿ ನೊರೆ ಸುಟ್ಟು ಹೋಗದಂಗೆ ಎಕ್ಸ್‌ಪೋಶರ್ ಮೈನಸ್ 0.7 ಇಡಿ. ಟಿಜಿಯಲ್ಲಿ ಅಷ್ಟೆಲ್ಲಾ ತಿರುಗಿಸೋಕಾಗಲ್ಲ, ಬರ್ಸ್ಟಿಗೆ (ಒಂದರ ಹಿಂದೊಂದು ಫೋಟೋ ತೆಗೆಯೋ ಮೋಡ್) ಹಾಕಿ ಒತ್ತಿ ಹಿಡೀರಿ.

ಬಾಕ್ಸ್ ವಿಷಯಕ್ಕೆ ಬರ್ತೀನಿ, ಇದರಲ್ಲಿ ಮಾತ್ರ ಜುಗ್ಗತನ ಮಾಡ್ಬೇಡ್ರಿ. ರೋಲ್ ಮಾಡೋ ಡ್ರೈ ಬ್ಯಾಗು ಬಟ್ಟೆಗೆ ಸಾಕು, ಅದು ನೀರು ಎರಚೋದಕ್ಕೆ ಮಾಡಿರೋದು, ಮುಳುಗಿಸಿ ಇಡೋಕಲ್ಲ. ಕ್ಯಾಮರಾಗೆ ಪೆಲಿಕನ್ ಥರದ ಗಟ್ಟಿ ಕೇಸು, ಬಾಡಿಗೆ 18-55 ಹಾಕಿದ್ದು ಹಾಕಿದ್ದಂಗೇ ಕೂರೋ ಅಷ್ಟು ಸಣ್ಣದು. ಅದರ ಜೀವ ಇರೋದು ಮುಚ್ಚಳದ ಸುತ್ತ ಇರೋ ರಬ್ಬರ್ ರಿಂಗಲ್ಲಿ, ಕುಕ್ಕರ್ ಗ್ಯಾಸ್ಕೆಟ್ ಇದ್ದಂಗೆ, ಒಂದು ಅನ್ನದಗುಳು ಸಿಕ್ಕಿದ್ರೆ ಕುಕ್ಕರ್ ಸೀಟಿ ಹೊಡೆಯಲ್ಲ, ಇಲ್ಲಿ ಒಂದು ಮರಳಿನ ಕಾಳು ಸಿಕ್ಕಿದ್ರೆ ನೀರು ಒಳಗೆ. ಪ್ರತಿ ಸಲ ಮುಚ್ಚೋ ಮುಂಚೆ ಬೆರಳಲ್ಲಿ ಸುತ್ತ ಒಂದು ಸಲ ಸವರ್ರಿ. ಟಿಜಿ ಬ್ಯಾಟರಿ ಬಾಗಿಲಿಗೂ ಅದೇ ನಿಯಮ, ಮತ್ತೆ ಅದನ್ನ ನದಿ ಮೇಲೆ ತೆಗೀಲೇಬೇಡಿ, ಕ್ಯಾಂಪಲ್ಲಿ ಟೆಂಟ್ ಒಳಗೆ ಕೂತು ಒಣಗಿದ ಕೈಯಲ್ಲಿ ತೆಗೀರಿ.

ಹೋಗೋ ಮುಂಚೆ ಒಂದು ಟೆಸ್ಟು, ದಾವಣಗೆರೆಯೋರಿಗೆ ಹೇಳಿ ಮಾಡಿಸಿದ್ದು. ಬಾಕ್ಸ್ ಒಳಗೆ ಗರಿಗರಿ ಮಂಡಕ್ಕಿ ಹಾಕಿ ಮುಚ್ಚಿ, ಹಂಡೆ ನೀರಲ್ಲಿ ಮೇಲೆ ಕಲ್ಲಿಟ್ಟು ಮುಳುಗಿಸಿ ರಾತ್ರಿ ಬಿಡಿ, ಬೆಳಿಗ್ಗೆ ಮಂಡಕ್ಕಿ ಕರುಂ ಅಂದ್ರೆ ಬಾಕ್ಸ್ ಸರಿ ಐತೆ, ಮೆತ್ತಗಾಗಿದ್ರೆ ವಾಪಸ್ ಕೊಡ್ರಿ. ಟಿಶ್ಯೂ ಪೇಪರ್ ಹಾಕೋದಕ್ಕಿಂತ ಇದು ವಾಸಿ, ಪೇಪರ್ ಹಸಿಯಾದ್ರೆ ಮಾತ್ರ ಗೊತ್ತಾಗೋದು, ಮಂಡಕ್ಕಿ ಬರೀ ತೇವಕ್ಕೂ ಮೆತ್ತಗಾಗುತ್ತೆ. ಡ್ರೈ ಬ್ಯಾಗಿಗೆ ಹತ್ತು ನಿಮಿಷ ಸಾಕು, ಬಾಯಿ ಕನಿಷ್ಠ 3 ಸುತ್ತು ಸುತ್ತಿರಬೇಕು.

ಆಮೇಲೆ ಆ ಕೇಸಿಗೆ ಗಾಳಿ ಬಿಡೋ ವಾಲ್ವ್ ಇರೋದು ನೋಡಿ ತಗೊಳ್ಳಿ. ದಾವಣಗೆರೆ ಸಮುದ್ರಮಟ್ಟದಿಂದ 600 ಮೀಟರ್, ಲೇಹ್ 3500 ಮೀಟರ್, ಅಲ್ಲಿ ಗಾಳಿಯ ಒತ್ತಡ ಸಮುದ್ರದ ಹತ್ರ ಇರೋದರ ಮೂರರಲ್ಲಿ ಎರಡು ಪಾಲು ಮಾತ್ರ. ನೀವು ಇಲ್ಲಿಂದ ಒಯ್ದ ಚಿಪ್ಸ್ ಪ್ಯಾಕೆಟ್ ಅಲ್ಲಿ ಬಲೂನ್ ಆಗಿರುತ್ತೆ ನೋಡಿ, ಹಂಗೇ. ವಾಪಸ್ ಬರೋವಾಗ ಉಲ್ಟಾ, ವಾಲ್ವ್ ಇಲ್ಲದ ಬಾಕ್ಸನ್ನ ಅಲ್ಲಿ ಮುಚ್ಚಿ ತಂದ್ರೆ ಇಲ್ಲಿ ಒಳಗೆ ಎಳ್ಕೊಂಡು ಕೂತಿರುತ್ತೆ, ಇಬ್ಬರು ಎಳೆದ್ರೂ ಮುಚ್ಚಳ ಬರಲ್ಲ. ನನಗೆ ಬೆಂಗಳೂರಿಂದ ನಮ್ಮ ಚಿತ್ರದುರ್ಗದ ತನಕ ಬಸ್ಸಲ್ಲಿ ಇದೇ ಕೆಲಸ ಆಗಿತ್ತು.

ಕರೆಂಟು. ಇಲ್ಲೇ ನಿಮ್ಮ ಹಳೇ ಡಿ5600 ಕನ್ನಡಿ ಇಲ್ಲದ ಹೊಸ ಕ್ಯಾಮರಾಗಳ ಮುಂದೆ ಎದೆ ಎತ್ತಿ ನಿಲ್ಲೋದು. ಕನ್ನಡಿ ಇರೋ ಕ್ಯಾಮರಾ, ಕಣ್ಣಿಟ್ಟು ನೋಡೋಕೆ ಪರದೆ ಉರಿಸಬೇಕಿಲ್ಲ, ಕಂಪನಿ ಲೆಕ್ಕದಲ್ಲೇ ಒಂದು ಬ್ಯಾಟರಿಗೆ 970 ಫೋಟೋ. ಅದೇ ಆರ್‌ಎಕ್ಸ್100 ಮಾರ್ಕ್ 7ಗೆ 260. ಹಗುರ ಅಂತ ಅದನ್ನ ಒಯ್ದು ಜೊತೆಗೆ ನಾಲ್ಕು ಬ್ಯಾಟರಿ ಹೊತ್ರೆ ಹಗುರ ಎಲ್ಲಿ ಬಂತು? ಡಿ5600ಗೆ 2 ಬ್ಯಾಟರಿ, 6 ದಿನಕ್ಕೆ ಚಾರ್ಜರ್ ಮುಟ್ಟೋದೇ ಬೇಡ, ಚಾರ್ಜರ್ ಲೇಹ್ ಹೋಟ್ಲಲ್ಲಿ ಬಿಟ್ಟು ಹೋಗಿ. ಟಿಜಿಗೆ ಒಂದು ಬ್ಯಾಟರಿಗೆ 330 ಆಸುಪಾಸು ಬರುತ್ತೆ, 2 ಇಟ್ಕೊಳ್ಳಿ, ಅದು ಯುಎಸ್‌ಬಿಯಲ್ಲೇ ಚಾರ್ಜ್ ಆಗುತ್ತೆ, ಇಬ್ಬರಿಗೂ ಸೇರಿ ಒಂದು 20,000 ಎಂಎಎಚ್ ಪವರ್ ಬ್ಯಾಂಕ್. ಲೆಕ್ಕ ಹಾಕಿದ್ರೆ 74 ವ್ಯಾಟ್-ಅವರ್ ಬರುತ್ತೆ, ವಿಮಾನದಲ್ಲಿ 100ರ ಒಳಗೆ ಇದ್ರೆ ಬಿಡ್ತಾರೆ, ಆದ್ರೆ ಕೈ ಬ್ಯಾಗಲ್ಲಿ ಮಾತ್ರ, ಲಗೇಜಿಗೆ ಹಾಕಿದ್ರೆ ಕರೆದು ಬ್ಯಾಗ್ ಬಿಚ್ಚಿಸ್ತಾರೆ, ಬಿಡಿ ಬ್ಯಾಟರಿಗಳಿಗೂ ಅದೇ ರೂಲ್ಸು. ಸೋಲಾರ್ ಪ್ಯಾನೆಲ್ ಬೇಡ, ಆಳದ ಕಣಿವೇಲಿ ಬಿಸಿಲು ಬೀಳೋದೇ ಸ್ವಲ್ಪ ಹೊತ್ತು, ಆಗ ನೀವು ನೀರ ಮೇಲೆ ಇರ್ತೀರ. ರಾತ್ರಿ ಎಲ್ಲಾ ಬ್ಯಾಟರಿನೂ ಕಾಲ್ಚೀಲಕ್ಕೆ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಕೊಂಡು ಮಲ್ಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಸುಸ್ತಾಗುತ್ತೆ. ಆದ್ರೆ ಕ್ಯಾಮರಾನ ಒಳಗೆ ತರಬೇಡಿ, ತಣ್ಣಗಿರೋ ಕ್ಯಾಮರಾನ ನಿಮ್ಮ ಉಸಿರಿನ ತೇವಕ್ಕೆ ತಂದ್ರೆ ಗ್ಲಾಸಿನ ಮೇಲೆ ಮಂಜು ಕೂರುತ್ತೆ, ಬಾಕ್ಸಲ್ಲೇ ಇರ್ಲಿ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಮೀರ್ಬೇಡ್ರಿ. ರಾಫ್ಟ್ ಮೇಲೆ ಕ್ಯಾಮರಾ ಬೆಲ್ಟು ಕುತ್ತಿಗೆಗೆ ಹಾಕೋ ಹಂಗಿಲ್ಲ. ಡಿ5600 ಬೆಲ್ಟಂತೂ ಮನೇಲೇ ಬಿಚ್ಚಿಟ್ಟು ಬನ್ನಿ. ರಾಫ್ಟ್ ಮಗುಚಿದಾಗ ಆ ಬೆಲ್ಟು ಹಗ್ಗಕ್ಕೋ ಬಂಡೆಗೋ ಸಿಕ್ಕಿದ್ರೆ ಕ್ಯಾಮರಾ ಅಲ್ಲ, ನೀವು ಹೋಗ್ತೀರ. ಟಿಜಿ ಲೈಫ್ ಜಾಕೆಟಿನ ಜೇಬಲ್ಲಿರ್ಲಿ, ಅದಕ್ಕೆ ಒಂದು ಗಿಡ್ಡ ದಾರ, ಜೋರಾಗಿ ಎಳೆದ್ರೆ ಬಿಟ್ಕೊಳ್ಳೋ ಕ್ಲಿಪ್ ಇರೋದು, ಜೊತೆಗೆ ನೀರಲ್ಲಿ ತೇಲೋ ಕಿತ್ತಳೆ ಬಣ್ಣದ ಫ್ಲೋಟ್. ತಮ್ಮನ ಆ್ಯಕ್ಷನ್ ಕ್ಯಾಮರಾ ಹೆಲ್ಮೆಟ್ ಮೇಲೆ ಕೊಂಬಿನಂಗೆ ನಿಲ್ಲಿಸೋಕೆ ಗೈಡು ಬೇಡ ಅಂದ್ರೆ ವಾದ ಮಾಡ್ಬೇಡಿ, ಅದೂ ಸಿಕ್ಕಿಹಾಕ್ಕೊಳ್ಳೋ ಸಾಮಾನೇ. ಗೈಡು ಹುಟ್ಟು ಹಾಕಿ ಅಂದಾಗ ಎರಡು ಕೈನೂ ಹುಟ್ಟಿನ ಮೇಲಿರಬೇಕು, ಫೋಟೋ ಆಮೇಲೆ.

ಲೆನ್ಸಿನ ಮೇಲೆ ಹನಿ ನಿಂತು ಫೋಟೋದಲ್ಲಿ ದೊಡ್ಡ ಮಚ್ಚೆ ಬರೋದು ಎಲ್ಲಾರ ಗೋಳು. ಟಿಜಿ ಮತ್ತೆ ಆ್ಯಕ್ಷನ್ ಕ್ಯಾಮರಾಗೆ ಮದ್ದು ಹೇಳ್ತೀನಿ ನಗಬೇಡ್ರಿ, ರಾಪಿಡ್ ಮುಂಚೆ ಗ್ಲಾಸನ್ನ ನಾಲಿಗೇಲಿ ನೆಕ್ಕಿ. ಎಂಜಲು ಸವರಿದ್ರೆ ನೀರು ಹನಿ ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡ್ಕೊಂಡು ಹೋಗುತ್ತೆ. ಸ್ಕೂಲ್ ಮಕ್ಕಳ ಮುಂದೆ ಮಾತ್ರ ಮಾಡಬೇಡಿ. ಡಿ5600 ಲೆನ್ಸಿಗೆ ಇದು ಬೇಡ, ಅದಕ್ಕೆ ಮೈಕ್ರೋಫೈಬರ್ ಬಟ್ಟೆ, ಅದನ್ನೂ ಬಾಕ್ಸಲ್ಲೇ ಇಡಿ. ಒರೆಸೋ ಮುಂಚೆ ಊದಿ ಮರಳು ಹಾರಿಸಿ, ಇಲ್ಲಾಂದ್ರೆ ಬಟ್ಟೆಯಲ್ಲ, ಉಪ್ಪು ಕಾಗದದಲ್ಲಿ ಉಜ್ಜಿದಂಗೆ.

ಅಕಸ್ಮಾತ್ ಡಿ5600 ಒಳಗೆ ನೀರು ಹೋಯ್ತು ಅಂದ್ರೆ ಆನ್ ಆಗುತ್ತಾ ಅಂತ ನೋಡೋಕೆ ಹೋಗ್ಬೇಡಿ, ಎಲ್ಲಾರೂ ಮಾಡೋ ತಪ್ಪು ಅದೇ. ಬ್ಯಾಟರಿ, ಕಾರ್ಡ್ ತೆಗೆದು ಗಾಳಿಗೆ ಇಡಿ, ಊರಿಗೆ ಬಂದು ಸರ್ವೀಸಿಗೆ ಕೊಡಿ. ಅಕ್ಕಿ ಡಬ್ಬಕ್ಕೆ ಹಾಕೋದು ಬೇಡ, ಅಕ್ಕಿ ಧೂಳು ಒಳಗೆ ಹೋಗೋದು ಬಿಟ್ರೆ ಬೇರೆ ಉಪಯೋಗ ಇಲ್ಲ. ಒಂದು ದೊಡ್ಡ ಕಾರ್ಡಿನ ಬದ್ಲು 64 ಜಿಬಿದು ಎರಡು ಮೂರು ತಗೊಳ್ಳಿ, ತುಂಬಿದ್ದು ನಿಮ್ಮ ಮೈಮೇಲೆ ಇರ್ಲಿ. ಡ್ರೋನ್ ಬಗ್ಗೆ ತಮ್ಮ ಕೇಳ್ತಾನೆ, ಬೇಡ ಅನ್ನಿ, ಗಡಿ ಸೀಮೆ, ಪರ್ಮಿಷನ್ ತಲೆನೋವು.

ಝನ್ಸ್ಕಾರಿನ ಪದುಮ್ ಊರು ತಲುಪೋ ದಾರಿಗೆ ಮಾತ್ರ ಡಿ5600 ಕೈಯಲ್ಲೇ ಇಟ್ಕೊಳ್ಳಿ. ಕಾರ್ಗಿಲ್ ಕಡೆಯಿಂದ ಹೋದ್ರೆ ಪೆನ್ಸಿ ಲಾ ಅನ್ನೋ ಘಾಟಿ ಹತ್ರ ದ್ರಾಂಗ್-ದ್ರುಂಗ್ ಹಿಮನದಿ ರಸ್ತೆಯಿಂದಲೇ ಕಾಣುತ್ತೆ, ಪದುಮ್ ಎದುರಿಗೆ ಕರ್ಶಾ ಮಠ ಬೆಟ್ಟಕ್ಕೆ ಅಂಟಿಸಿದಂಗೆ ಐತೆ, ನಮ್ಮ ಏಳುಸುತ್ತಿನ ಕೋಟೆ ನೋಡಿ ಬೆಳೆದೋರಿಗೂ ಬಾಯಿ ತೆರೆದುಕೊಳ್ಳುತ್ತೆ. ನದಿ ಪಕ್ಕದಲ್ಲಿ ಮಾತ್ರ ಈಗ ಒಂದೊಂದು ಕಡೆ ರಸ್ತೆ ಕೊರೆದ ಗಾಯ ಫ್ರೇಮಿಗೆ ಬರುತ್ತೆ, 2024ರ ಮಾರ್ಚಲ್ಲಿ ನಿಮ್ಮೂ-ಪದುಮ್-ದಾರ್ಚಾ ರಸ್ತೆ 298 ಕಿಲೋಮೀಟರೂ ಕೂಡ್ಕೊಂತು, ಅಲ್ಲಿನ ಜನಕ್ಕೆ ಬೇಕಾಗಿತ್ತು, ನಾವು ಫೋಟೋದೋರು ಗೊಣಗೋ ಹಂಗಿಲ್ಲ. ಕೊನೇ ದಿನ ನಿಮ್ಮೂ ಅನ್ನೋ ಊರಿನ ಹತ್ರ ಝನ್ಸ್ಕಾರ್ ಹೋಗಿ ಸಿಂಧೂ ನದಿ ಸೇರೋ ಜಾಗದಲ್ಲಿ ಎರಡು ನೀರಿನ ಬಣ್ಣ ಬೇರೆ ಬೇರೆ ಕಾಣೋದನ್ನ ಮೇಲಿನ ರಸ್ತೆಗೆ ಹೋಗಿ ತೆಗೀರಿ, ಕೆಳಗಿಂದ ತೆಗೆದ್ರೆ ಬರೀ ನೀರು. 18-55 ಸಾಕು, ಪೋಲರೈಜರ್ (ನೀರಿನ ಹೊಳಪು ತಗ್ಗಿಸೋ ಫಿಲ್ಟರ್) ಇದ್ರೆ ಅವತ್ತು ಹಾಕಿ.

ಕೇಸಿಗೆ ಹೊಸದಾಗಿ ದುಡ್ಡು ಹಾಕೋದು ಕಷ್ಟ ಅನ್ಸಿದ್ರೆ ನನ್ನ ಹತ್ರ ಒಂದು ಖಾಲಿ ಬಿದ್ದೈತೆ, ವಾಲ್ವ್ ಇರೋದೇ, ದುರ್ಗಕ್ಕೆ ಬಂದಾಗ ತಗೊಂಡು ಹೋಗಿ. ವಾಪಸ್ ಕೊಡೋವಾಗ ರಿಂಗಲ್ಲಿರೋ ಮರಳು ಒರೆಸಿ ಕೊಡಿ, ಹೋದ ಸಲ ಒಯ್ದೋರು ಒಳಗೆ ಮಂಡಕ್ಕಿ ಬಿಟ್ಟು ಕೊಟ್ಟಿದ್ರು, ಇರುವೆ ತುಂಬ್ಕೊಂಡಿತ್ತು.